ಹದಿನಾರರ ಹುಡುಗನಿಗೆ ದೊಡ್ಡವರ ಕೋರ್ಟೇ?

ಪರ

ಬಡವರ ಓಣಿಯ ಹುಡುಗ ಚೂರಿ ಹಾಕಿದ ಅಂದ ಕೂಡಲೇ ‘ಪಾಪ, ಬಡತನ’ ಅನ್ನುವವರು ಇದ್ದಾರೆ. ಚೂರಿ ಹಾಕಿಸಿಕೊಂಡವನೂ ಹೆಚ್ಚಾಗಿ ಅದೇ ಓಣಿಯವನು. ಅವನ ತಾಯಿಯೂ ಬಡವಳೇ. ಅದೇ ಬಡತನದಲ್ಲಿ ಬೆಳೆದ ಎಷ್ಟೋ ಮಕ್ಕಳು ಯಾರ ತಂಟೆಗೂ ಹೋಗದೆ ದುಡಿದು ತಿನ್ನುತ್ತಾರೆ, ಅಲ್ವಾ?

ಚಿಕ್ಕವರಿಗೆ ಶಿಕ್ಷೆ ಕಡಿಮೆ ಅನ್ನುವ ಲೆಕ್ಕ ರೌಡಿಗಳಿಗೆ ಚೆನ್ನಾಗಿ ಗೊತ್ತು. ಮಾಲು ಸಾಗಿಸಲು, ಆಯುಧ ಬಚ್ಚಿಡಲು ಹುಡುಗರನ್ನೇ ಹಿಡಿಯುತ್ತಾರೆ. ‘ನಿನಗೇನೂ ಆಗಲ್ಲ, ನೀನಿನ್ನೂ ಚಿಕ್ಕವನು’ ಅನ್ನುವುದೇ ಆಮಿಷ. ಕಾನೂನು ಮೆತ್ತಗಾದಷ್ಟೂ ಆ ಮಾತಿಗೆ ಬೆಲೆ ಜಾಸ್ತಿ.

ಸೈಕಲ್ ಕದ್ದವನನ್ನು ಬಿಡಿ. ಹೊಂಚು ಹಾಕಿ ಕೊಲೆ ಮಾಡಿದ 16 ದಾಟಿದವನ ವಿಷಯ ಬೇರೆ. ಮಾಡಿದ ತಪ್ಪಿಗೆ 14 ವರ್ಷದವನೂ ಹೊಣೆ ಅಂತ ಜರ್ಮನಿಯ ಕಾನೂನು ಹೇಳುತ್ತದೆ. ಇಂಗ್ಲೆಂಡಿನಲ್ಲಂತೂ ಅದು 10 ವರ್ಷ. ಹಾಗಿದ್ದಮೇಲೆ 16ರವನಿಗೆ ಏನೂ ತಿಳಿಯದು ಅಂದರೆ ನಂಬುವುದು ಹೇಗೆ?

ವಿರೋಧ

ಕೊಲೆಯ ಮಾತು ಆಮೇಲೆ. ಆ ಹುಡುಗ ಪೊಲೀಸರ ಕೈಗೆ ಸಿಕ್ಕ ಮೊದಲ ದಿನ ನೋಡಿ. ಇಬ್ಬರು ಹುಡುಗರು ಹೊಡೆದಾಡುತ್ತಾರೆ. ಒಬ್ಬನ ಅಪ್ಪ ವಕೀಲರನ್ನು ಕರೆದುಕೊಂಡು ಬರುತ್ತಾನೆ. ‘ಹುಡುಗಾಟ’ ಅಂತ ಮುಗಿಯುತ್ತದೆ. ಇನ್ನೊಬ್ಬನ ಅಮ್ಮ ಕೂಲಿ ಬಿಟ್ಟು ಬರಲಾಗದೆ ಸಂಜೆ ಬರುತ್ತಾಳೆ. ಅಷ್ಟರಲ್ಲಿ ಕೇಸು ಬರೆದಾಗಿರುತ್ತದೆ. ಆಮೇಲೆ ಓಣಿಯಲ್ಲಿ ಏನು ಕಳುವಾದರೂ ಪೊಲೀಸರು ಬರುವುದು ಅವನ ಮನೆ ಬಾಗಿಲಿಗೇ. ದೊಡ್ಡವರ ಕೋರ್ಟಿಗೆ ಯಾರನ್ನು ಕಳಿಸೋಣ ಅಂತ ಕೂತಾಗ, ‘ಹಳೇ ಕೇಸು’ ಇರುವುದು ಇಬ್ಬರಲ್ಲಿ ಯಾರ ಮೇಲೆ?

1899ರಲ್ಲಿ ಶಿಕಾಗೋದಲ್ಲಿ ಮಕ್ಕಳಿಗಾಗಿಯೇ ಬೇರೆ ಕೋರ್ಟು ಶುರುವಾಗಿದ್ದು ಸುಮ್ನೆ ಅಲ್ಲ. ದೊಡ್ಡ ಕೈದಿಗಳ ಜೊತೆ ಕೂಡಿಹಾಕಿದ ಮಕ್ಕಳು ಅವರ ಕಸುಬನ್ನೇ ಕಲಿತು ಬರುತ್ತಿದ್ದರು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಪ್ಪಂದವೂ ಮಕ್ಕಳ ಬಂಧನ ಕೊನೆಯ ದಾರಿಯಾಗಿರಲಿ, ಆದಷ್ಟು ಕಡಿಮೆ ದಿನದ್ದಾಗಿರಲಿ ಅನ್ನುತ್ತದೆ. ಇದು ಬರೀ ಕನಿಕರದ ಮಾತಲ್ಲ. 1990ರ ದಶಕದಲ್ಲಿ ಅಮೆರಿಕದ ಹಲವು ರಾಜ್ಯಗಳು ಕಾನೂನು ಬಿಗಿ ಮಾಡಿ ಹುಡುಗರನ್ನು ದೊಡ್ಡವರ ಕೋರ್ಟಿಗೆ ದಾಟಿಸಿದವು. ಅಲ್ಲಿನ ಆರೋಗ್ಯ ಸಂಸ್ಥೆ ಸಿಡಿಸಿ 2007ರಲ್ಲಿ ಪ್ರಕಟಿಸಿದ ತಜ್ಞರ ವರದಿ ಫಲ ಏನಾಯಿತು ಅಂತ ಹೇಳಿತು: ಹಾಗೆ ದಾಟಿಸಿದ ಹುಡುಗರ ಹಿಂಸೆ ಒಟ್ಟಾರೆ ಇಳಿಯಲಿಲ್ಲ, ಏರಿತು.

ಪರ ವಾದದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ರೌಡಿಯ ಮಾತೊಂದೇ. ಆ ಆಮಿಷ ನಿಜ. ಆದರೆ ಹುಡುಗ ಒಳಗೆ ಹೋದರೆ ರೌಡಿಗೇನು ನಷ್ಟ? ಮಾರನೇ ದಿನ ಅವನ ತಮ್ಮ ಸಿಗುತ್ತಾನೆ.