ಬಾಗಿಲು ತಟ್ಟುವ ಕೆಲಸ ಇವರದ್ದಲ್ಲ

ನಿವೃತ್ತಿಯಾದ ಮೇಲೆ ಮಿಷನರಿ ಸೇವೆಗೆ ಹೊರಡುವ ಅಮೆರಿಕದ ಗಂಡ ಹೆಂಡಿರ ಬಗ್ಗೆ ನಿಮ್ಮ ಲೇಖನದಲ್ಲಿ ಬರೆದದ್ದು ಇಷ್ಟವಾಯಿತು. ಆದರೆ ಅವರು ಹಿಮದಲ್ಲಿ ಮನೆಮನೆ ಬಾಗಿಲು ತಟ್ಟುತ್ತಾರೆ ಎಂದಿದ್ದೀರಿ. ಮಾರ್ಮನ್ (ಅಮೆರಿಕದಲ್ಲೇ ಹುಟ್ಟಿದ ಒಂದು ಕ್ರೈಸ್ತ ಪಂಥ) ದಂಪತಿಗಳ ಮಟ್ಟಿಗೆ ಇದು ಸರಿಯಲ್ಲ. ಆ ಓಡಾಟವೆಲ್ಲ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರದ್ದು. ಹಿರಿಯರು 6ರಿಂದ 23 ತಿಂಗಳು, ತಮ್ಮದೇ ಖರ್ಚಿನಲ್ಲಿ, ಕಚೇರಿ ಕೆಲಸಕ್ಕೋ ಐತಿಹಾಸಿಕ ತಾಣ ತೋರಿಸುವುದಕ್ಕೋ ಹೋಗುತ್ತಾರೆ.

ನಾವು ಇಲಿನಾಯ್‌ನಲ್ಲೇ ಇರುವವರು. ಒಮ್ಮೆ ಜನವರಿಯಲ್ಲಿ ಮಿಸಿಸಿಪ್ಪಿ ನದಿ ದಡದಲ್ಲಿರುವ, ಮಾರ್ಮನ್ನರ ಹಳೇ ಊರಾದ ನೌವೂಗೆ ಹೋಗಿದ್ದೆವು. 1846ರ ಫೆಬ್ರವರಿಯಲ್ಲಿ ಮಾರ್ಮನ್ ನಾಯಕ ಬ್ರಿಗಮ್ ಯಂಗ್ ಕಡೆಯವರು ಆ ಊರು ಬಿಟ್ಟು ಹೊರಟಾಗ ಮೊದಲು ದೋಣಿಗಳಲ್ಲಿ, ಆಮೇಲೆ ಹೆಪ್ಪುಗಟ್ಟಿದ ನದಿಯ ಮೇಲೇ ಗಾಡಿ ಹೊಡೆದುಕೊಂಡು ದಾಟಿದರಂತೆ. ಹಲ್ಲು ಕಟಕಟ ಎನ್ನುವಾಗ ಈ ಕಥೆ ಕೇಳಬೇಕು! ಊರು ತೋರಿಸಲು ಸೇವೆಗೆ ಬಂದಿದ್ದ ಇಂಥದೇ ದಂಪತಿ ಅಲ್ಲಿ ಸಿಕ್ಕರು. ಕುಲುಮೆಯಲ್ಲಿದ್ದ ಅಜ್ಜ ಲಾಳದ ಮೊಳೆ ಬಗ್ಗಿಸಿ ಉಂಗುರ ಮಾಡಿ ನಮ್ಮ ಮಗಳ ಕೈಗಿಟ್ಟರು. ಅಜ್ಜಿಯ ಹಳೇ ಕಾಲದ ಉದ್ದ ಲಂಗದ ಕೆಳಗೆ ದಪ್ಪ ಸ್ನೋ ಬೂಟು.

ಅವರ ಅಲ್ಲಿನ ಬದುಕು ಹೀಗೆ: ಭಾನುವಾರ ಚರ್ಚು, ವಾರಕ್ಕೊಂದು ದಿನ ಬಟ್ಟೆ ಒಗೆತ, ಮೊಮ್ಮಕ್ಕಳಿಗೆ ವಿಡಿಯೋ ಕಾಲ್, ಸಾಮಾನಿಗೆ ನದಿಯಾಚೆಯ ಅಯೋವಾ ರಾಜ್ಯಕ್ಕೆ, ಅದೂ ರಸ್ತೆ ಮೇಲೆ ಐಸ್ ಇಲ್ಲದಿದ್ದರೆ. ಬೇಸಿಗೆಯ ಜನಜಂಗುಳಿ ಇಲ್ಲದ್ದಕ್ಕೆ ನಮ್ಮ ಜೊತೆ ಅರ್ಧ ಗಂಟೆ ಹರಟಿದರು. ಅವರ ಮತದ ಬಗ್ಗೆ ನನಗೆ ತಕರಾರುಂಟು, ಆ ಲವಲವಿಕೆ ಬಗ್ಗೆ ಇಲ್ಲ.

ಅಂದಹಾಗೆ, ವೈದ್ಯಕೀಯ ವಿಮೆಯ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲವಲ್ಲ? ಎಪ್ಪತ್ತರ ವಯಸ್ಸಲ್ಲಿ ಐಸ್ ಮೇಲೆ ಜಾರಿ ಸೊಂಟ ಮುರಿದರೆ ಮೊದಲು ಬೇಕಾಗುವುದು ಅದೇ.