ಕುಶಾಲನಗರ ದಾಟಿದ ಮೇಲೆ ಕೇಳಿ

ಹೋಂಸ್ಟೇಯವರು, ಕಾಫಿಪುಡಿ-ಏಲಕ್ಕಿ-ಜೇನಿನ ಅಂಗಡಿಯವರು, ಸಣ್ಣ ಹೋಟೆಲಿನವರು, ಕೊಡಗಿನಲ್ಲಿ ಯಾರನ್ನು ಕೇಳಿದರೂ ಒಂದೇ ಕೊರಗು: “ಬಂದವರೆಲ್ಲ ಖುಷಿಯಾಗೇ ಹೋಗ್ತಾರೆ, ಗೂಗಲ್‌ನಲ್ಲಿ ಮಾತ್ರ ಯಾರೂ ಬರೆಯಲ್ಲ.” ಬರೆಯುವ ಮನಸ್ಸು ಅವರಿಗಿದೆ. ನಾವು ಕೇಳುವ ಹೊತ್ತು ಸರಿಯಿಲ್ಲ.

ಬೆಳಿಗ್ಗೆ 11ಕ್ಕೆ ರೂಮು ಬಿಡುವವರನ್ನು ನೋಡಿ. ಮಕ್ಕಳು ಆಗಲೇ ಕಾರಿನಲ್ಲಿ. ಒಬ್ಬರು ಮರೆತ ಚಾರ್ಜರ್ ಹುಡುಕ್ತಿದ್ದಾರೆ. ತೋಟದೊಳಗೆ ಸಿಗ್ನಲ್ ಒಂದೇ ಕಡ್ಡಿ. ಆಗ “ಒಂದು ರಿವ್ಯೂ ಹಾಕಿ” ಅಂದರೆ “ಖಂಡಿತ” ಅಂತಾರೆ, ಮನಸಾರೆ ಅಂತಾರೆ. ಆದರೆ ಪುಟವೇ ತೆರೆಯಲ್ಲ. ಕುಶಾಲನಗರ ದಾಟಿ ನೆಟ್‌ವರ್ಕ್ ಸರಿಯಾಗುವಷ್ಟರಲ್ಲಿ ಮಾತು ಮರೆತಿರುತ್ತೆ.

ಹಾಗಾಗಿ ಹೊರಡುವಾಗ ಇಷ್ಟೇ ಕೇಳಿ: “ನಾಳೆ ವಾಟ್ಸಾಪ್‌ನಲ್ಲಿ ಒಂದು ಲಿಂಕ್ ಕಳಿಸಬಹುದಾ?” ಮಾರನೇ ದಿನ, ಅವರು ಊರು ಸೇರಿ ಫೋಟೋಗಳನ್ನು ತಿರುವಿ ಹಾಕ್ತಿರುವಾಗ, ಹೀಗೆ ಕಳಿಸಿ:

“ನಮಸ್ಕಾರ, ಸುಖವಾಗಿ ತಲುಪಿದಿರಾ? ನಮ್ಮಲ್ಲಿ ಏನು ಹಿಡಿಸಿತು, ಏನು ಸರಿಹೋಗಲಿಲ್ಲ, ಎರಡು ಸಾಲು ಇಲ್ಲಿ ಬರೆದರೆ ಮುಂದೆ ಬರುವವರಿಗೆ ಅನುಕೂಲ.” ಕೆಳಗೆ ಲಿಂಕ್.

“5 ಸ್ಟಾರ್ ಕೊಡಿ” ಅನ್ನಬೇಡಿ. ಏನು ಬರೆಯಬೇಕು ಅಂತ ಹೊಳೆಯದೇ ಕೈಬಿಡುವವರೇ ಜಾಸ್ತಿ. ಆ ಎರಡು ಪ್ರಶ್ನೆ ಅವರಿಗೆ ದಾರಿ ತೋರಿಸುತ್ತೆ. “ಕಡಂಬುಟ್ಟು, ಪಂದಿಕರಿ ಬಿಸಿಬಿಸಿಯಾಗಿತ್ತು, ರಾತ್ರಿ ಬಿಸಿನೀರು ತಡವಾಯ್ತು” ಅನ್ನೋ ಒಂದು ಸಾಲಿಗೆ ಹತ್ತು “ಸೂಪರ್ ಪ್ಲೇಸ್” ಸಮ ಅಲ್ಲ. ಉತ್ತರ ಬರದಿದ್ದರೆ ಒಂದೇ ಸಲ ನೆನಪಿಸಿ, ಅಲ್ಲಿಗೆ ಬಿಡಿ.

ಲಿಂಕ್ ಸಿಗುವುದು ಸುಲಭ. ವ್ಯಾಪಾರದ ಪ್ರೊಫೈಲ್ ಇರುವ ಖಾತೆಯಿಂದ ಲಾಗಿನ್ ಆಗಿ ಗೂಗಲ್‌ನಲ್ಲಿ ನಿಮ್ಮ ಅಂಗಡಿಯ ಹೆಸರು ಹುಡುಕಿದರೆ, ರಿವ್ಯೂ ಕೇಳುವ ಬಟನ್ ಒಳಗೆ ಲಿಂಕೂ ಕ್ಯೂಆರ್ ಕೋಡೂ ಇರುತ್ತೆ. ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ಮೇಲಿನ ಸಂದೇಶವನ್ನು ‘ಕ್ವಿಕ್ ರಿಪ್ಲೈ’ ಆಗಿ ಉಳಿಸಿಕೊಂಡರೆ ದಿನಾ ಟೈಪ್ ಮಾಡುವ ಕೆಲಸ ಇಲ್ಲ.

ಮಡಿಕೇರಿ, ಗೋಣಿಕೊಪ್ಪದಂಥ ಪೇಟೆಯ ಅಂಗಡಿಗೆ ಕ್ಯೂಆರ್ ಸಾಕು, ಅಲ್ಲಿ ಸಿಗ್ನಲ್ ಇದೆ. ಕೋಡು 3 ಸೆಂಟಿಮೀಟರ್‌ಗಿಂತ ಚಿಕ್ಕದು ಬೇಡ. ಮಿರಮಿರ ಹೊಳೆಯುವ ಲ್ಯಾಮಿನೇಶನ್ ಮಾಡಿಸಬೇಡಿ, ಮೇಲಿನ ಟ್ಯೂಬ್‌ಲೈಟ್ ಅದರಲ್ಲಿ ಹೊಳೆದು ಸ್ಕ್ಯಾನ್ ಆಗಲ್ಲ, ಮ್ಯಾಟ್ ಮಾಡಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಬರೀ ಕಾಗದ ತೇವ ಹಿಡಿದು ಮುದುರುತ್ತೆ. ಹಣ ಪಾವತಿಸುವ ಕೋಡಿನ ಪಕ್ಕದಲ್ಲೇ ಅಂಟಿಸಿದರೆ ಗಿರಾಕಿ ತಪ್ಪು ಕೋಡಿಗೆ ಫೋನ್ ಹಿಡಿಯುತ್ತಾರೆ, ಒಂದು ಗೇಣಾದರೂ ದೂರ ಇರಲಿ.

ರಿವ್ಯೂ ಬರೆದರೆ 100 ಗ್ರಾಂ ಏಲಕ್ಕಿ ಫ್ರೀ, ಬಿಲ್‌ನಲ್ಲಿ 10 ಪರ್ಸೆಂಟ್ ಕಡಿತ: ದಯವಿಟ್ಟು ಇದು ಬೇಡವೇ ಬೇಡ. ಗೂಗಲ್ ನಿಯಮದಲ್ಲಿ ಇದಕ್ಕೆ ಜಾಗವೇ ಇಲ್ಲ. ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದೂ, ಮನೆಯವರು-ಕೆಲಸದವರು ಬರೆಯುವುದೂ ತಪ್ಪೇ. ಸಿಕ್ಕಿಬಿದ್ದರೆ ಇರುವ ರಿವ್ಯೂ ಮಾಯವಾಗಬಹುದು, ಹೊಸದು ಬಾರದಂತೆ ಸ್ವಲ್ಪ ಕಾಲ ತಡೆ ಬೀಳಬಹುದು, ನಕಲಿ ರಿವ್ಯೂ ತೆಗೆದಿದ್ದೇವೆ ಅನ್ನೋ ಎಚ್ಚರಿಕೆಯೇ ನಿಮ್ಮ ಪ್ರೊಫೈಲ್ ಮೇಲೆ ಕಾಣಿಸಬಹುದು. ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಆನ್‌ಲೈನ್ ರಿವ್ಯೂಗಳಿಗೆಂದೇ 2022ರಲ್ಲಿ ತಂದ ಐಎಸ್ 19000 ಮಾನದಂಡವೂ ದುಡ್ಡು ಕೊಟ್ಟು ಬರೆಸಿದ್ದನ್ನು ಒಪ್ಪುವುದಿಲ್ಲ.

ಎಲ್ಲರನ್ನೂ ಕೇಳಿದರೆ 1 ಸ್ಟಾರ್ ಬಿದ್ದೀತಲ್ಲ ಅನ್ನೋ ಭಯಕ್ಕೆ ಲೆಕ್ಕದಲ್ಲೇ ಉತ್ತರ ಇದೆ. 10 ರಿವ್ಯೂ, ಸರಾಸರಿ 4.8 ಇರುವಲ್ಲಿ ಒಂದು 1 ಸ್ಟಾರ್ ಬಿದ್ದರೆ ಸರಾಸರಿ 4.5ರ ಹತ್ತಿರ ಇಳಿಯುತ್ತೆ. ಅದೇ 60 ರಿವ್ಯೂ ಇದ್ದರೆ 4.7ಕ್ಕೆ ನಿಲ್ಲುತ್ತೆ. ಕಡಿಮೆ ರಿವ್ಯೂ ಇರುವವರಿಗೇ ಪೆಟ್ಟು ಜಾಸ್ತಿ.

ಇನ್ನು ನಮ್ಮ ಕಡೆ 1 ಸ್ಟಾರ್ ಬೀಳುವುದು ಊಟಕ್ಕಿಂತ ಹೆಚ್ಚಾಗಿ ಹೇಳದೇ ಬಿಟ್ಟ ಮಾತಿಗೆ. ಕೊನೆಯ ಒಂದೂವರೆ ಕಿಲೋಮೀಟರ್ ಕಲ್ಲುದಾರಿ, ತಗ್ಗಿನ ಕಾರು ತಳ ಹೊಡೆಯುತ್ತೆ. ಮಳೆಗಾಲದಲ್ಲಿ ಜಿಗಣೆ ಇರುತ್ತೆ. ಕರೆಂಟ್ ಹೋದರೆ ಗೀಸರ್ ಓಡಲ್ಲ. ಇವನ್ನು ಪ್ರೊಫೈಲ್‌ನಲ್ಲೂ ಬುಕಿಂಗ್ ಮೆಸೇಜ್‌ನಲ್ಲೂ ಮೊದಲೇ ಬರೆಯಿರಿ. ಮ್ಯಾಪ್‌ನಲ್ಲಿ ಪಿನ್ ಗೇಟಿನ ಮೇಲೇ ಇದೆಯಾ ನೋಡಿ. ತೋಟದ ನಡುವೆ ಕೂತಿದ್ದರೆ ಗಾಡಿ ಪಕ್ಕದ ಎಸ್ಟೇಟಿನ ದಾರಿ ಹಿಡಿಯುತ್ತೆ, ಮಂಜಿನಲ್ಲಿ ಮಕ್ಕಳೊಂದಿಗೆ ಸಿಕ್ಕಿಕೊಂಡವರ ಸಿಟ್ಟು ಎಲ್ಲಾ ನಿಮ್ಮ ಮೇಲೇ ಬರುತ್ತೆ.

ಕೆಟ್ಟ ರಿವ್ಯೂ ಬಂದಾಗ ಆ ರಾತ್ರಿಯೇ ಉತ್ತರ ಬರೆಯಬೇಡಿ. ಬೆಳಿಗ್ಗೆ ಬರೆಯಿರಿ, ನಾಲ್ಕು ಸಾಲು ಸಾಕು: “ಬಿಸಿನೀರು ತಡವಾದದ್ದು ನಿಜ, ತಪ್ಪಾಯಿತು. ಈಗ ಸೌದೆ ಒಲೆಯ ಹಂಡೆಯಲ್ಲೂ ನೀರು ಕಾಯಿಸಿ ಇಡುತ್ತಿದ್ದೇವೆ.” ಮಾಡಿದ್ದರೆ ಮಾತ್ರ ಬರೆಯಿರಿ. ಅವರು ಯಾರ ಜೊತೆ ಬಂದಿದ್ದರು, ಎಷ್ಟು ಕುಡಿದರು ಅಂತೆಲ್ಲ ಎಂದೂ ಬರೆಯಬೇಡಿ. ಆ ಉತ್ತರವನ್ನು ಮುಂದಿನ ವಾರ ಬುಕ್ ಮಾಡುವವರು ಓದುತ್ತಿರುತ್ತಾರೆ.