ಕೇಬಲ್ ಪಂಚಾಯ್ತಿ ತನಕ ಬಂತು, ಕಲಿಸೋರು ಎಲ್ಲಿ?

ನಿನ್ನೆ ಸಂಜೆಯಿಂದ ತಲೆ ಕೆಟ್ಟು ಹೋಗಿದೆ. ಬರೆದು ಹೊರಗೆ ಹಾಕದಿದ್ದರೆ ಇವತ್ತೂ ನಿದ್ದೆ ಬರೋದಿಲ್ಲ.

ಪುಣೆಯ ವಾರ್ಜೆಯ ಒಂದು ಝೆರಾಕ್ಸ್ ಅಂಗಡಿ. ನನಗಿಂತ ಮುಂದೆ ನಿಂತಿದ್ದಾಕೆ ಮಹಾರಾಷ್ಟ್ರದ ಗಡಿಯಲ್ಲಿರೋ ನಮ್ಮ ಜತ್ತ ತಾಲ್ಲೂಕಿನ ಕಡೆಯವಳು, ಬಾಯಿ ತೆಗೆದ ಕೂಡಲೇ ಗೊತ್ತಾಯ್ತು. ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದಾಕೆ. ಮಹಾರಾಷ್ಟ್ರ ಸರ್ಕಾರ ಹೆಣ್ಣುಮಕ್ಕಳಿಗೆ ತಿಂಗಳು ತಿಂಗಳು ಹಣ ಕೊಡೋ ಲಾಡಕೀ ಬಹೀಣ ಯೋಜನೆಯ ಇ-ಕೆವೈಸಿ, ಅಂದರೆ ಆನ್‌ಲೈನ್ ಗುರುತು ಪರಿಶೀಲನೆ, ಆಗಬೇಕಿತ್ತು. ತನ್ನ ಆಧಾರದ ಒಟಿಪಿ ಬಂತು. ಆಮೇಲೆ ಗಂಡನ ಆಧಾರಕ್ಕೂ ಒಟಿಪಿ ಹೋಗುತ್ತದೆ, ಆ ಫೋನು ಇರೋದು ಊರಲ್ಲಿ. "ಏನ್ರೀ, ಈಗ ಒಂದು ನಂಬರ್ ಬಂದೈತೇನ್ ನೋಡ್ರಿ" ಅಂತ ಈಕೆ ಕೂಗ್ತಾಳೆ. ಆ ಕಡೆಯಿಂದ "ಹುಡುಗೂರು ಯಾರೂ ಇಲ್ಲ, ತಡಿ" ಅನ್ನೋ ದನಿ. ಫೋನು ಕಟ್ ಮಾಡದೆ ಮೆಸೇಜ್ ತೆಗೆದು ಓದೋದು ಹೇಗೆ ಅಂತ ಆ ಮನುಷ್ಯನಿಗೆ ಇವತ್ತಿನ ತನಕ ಯಾರೂ ತೋರಿಸಿಲ್ಲ. ಯಾರನ್ನೋ ಕರೆತರುವಷ್ಟರಲ್ಲಿ ಒಟಿಪಿಯ ಟೈಮ್ ಮುಗಿದಿತ್ತು. ಅಂಗಡಿಯವನು ಮತ್ತೆ ಮಾಡಬೇಕಾದರೆ ಮತ್ತೆ ದುಡ್ಡು ಅಂದ. ಆಕೆ ಮೊಬೈಲಿನ ಹಿಂದಿನ ಕವರ್ ಬಿಚ್ಚಿ ಒಳಗಿದ್ದ ಚೀಟಿ ಕೊಟ್ಟಳು. ಚೀಟಿಯಲ್ಲಿ ಯುಪಿಐ ಪಿನ್! ಅವನೇ ಪಿನ್ ಒತ್ತಿ ತನ್ನ ದುಡ್ಡು ತಾನೇ ತಗೊಂಡ.

ನಾನು ಅವನ ಜೊತೆ ಜಗಳಾಡಿದೆ, ಅದು ಬೇರೆ ಮಾತು. ಆದರೆ ಜಗಳ ಆಡಬೇಕಾದ್ದು ಅವನೊಬ್ಬನ ಜೊತೆ ಅಲ್ಲ.

ನನ್ನ ಹೊಟ್ಟೆಪಾಡೇ ನೆಟ್‌ವರ್ಕ್ ಅಂತ ಇಲ್ಲಿರೋ ಎಲ್ಲರಿಗೂ ಗೊತ್ತು. ಕೇಬಲ್ ಬೇಡ ಅನ್ನೋ ಮನುಷ್ಯ ನಾನಲ್ಲ. 2011ರಲ್ಲಿ ಕೇಂದ್ರ ಸಂಪುಟ ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಇಂಟರ್‌ನೆಟ್ಟಿನ ಆಪ್ಟಿಕಲ್ ಫೈಬರ್ ಕೇಬಲ್ ಎಳೆಯಲು ಒಪ್ಪಿದಾಗ ನಾನು ಖುಷಿಪಟ್ಟಿದ್ದೆ. ಮುಂದೆ ಅದಕ್ಕೇ ಭಾರತ್‌ನೆಟ್ ಅಂತ ಹೆಸರಾಯ್ತು. ಮೊದಲು ತಾಲ್ಲೂಕಿನಿಂದ ಪಂಚಾಯ್ತಿಗೆ ಒಂದೇ ಎಳೆ ಹಾಕುತ್ತಿದ್ದರು. ನಡುವೆ ಎಲ್ಲಾದರೂ ರಸ್ತೆ ಕೆಲಸದ ಜೆಸಿಬಿ ಕೇಬಲ್ ಹರಿದರೆ ಮುಂದಿನ ಊರುಗಳೆಲ್ಲ ಬಂದ್. 2023ರ ಆಗಸ್ಟಿನಲ್ಲಿ ಮಂಜೂರಾದ ಹೊಸ ಯೋಜನೆಯಲ್ಲಿ ಅದನ್ನೇ ರಿಂಗ್ ಮಾಡುತ್ತಾರೆ, ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಸಿಗ್ನಲ್ ಬರುತ್ತದೆ. ಒಳ್ಳೆಯ ಕೆಲಸ, ಮನಸಾರೆ ಹೇಳ್ತೀನಿ. ಅದಕ್ಕೆ ಇಟ್ಟಿರೋ ಹಣ 1,39,579 ಕೋಟಿ ರೂಪಾಯಿ.

ಈಗ ಕಲಿಸೋ ಲೆಕ್ಕ ನೋಡಿ. ಹಳ್ಳಿಯವರಿಗೆ ಕಂಪ್ಯೂಟರು, ಮೊಬೈಲು, ಇಂಟರ್‌ನೆಟ್ಟು ಕಲಿಸಲು 2017ರಲ್ಲಿ ತಂದ ಪಿಎಂಜಿದಿಶಾ ಯೋಜನೆಗೆ ಮಂಜೂರಾಗಿದ್ದು 2,351 ಕೋಟಿ. ತಂತಿಗೆ ನೂರು ರೂಪಾಯಿ ಇಟ್ಟರೆ ಮನುಷ್ಯನಿಗೆ ಎರಡು ರೂಪಾಯಿಯೂ ಬರಲಿಲ್ಲ. ಮನೆಗೆ ಒಬ್ಬರಂತೆ ಆರು ಕೋಟಿ ಮನೆಗಳು, ಒಟ್ಟು 20 ಗಂಟೆಯ ಪಾಠ, ಕೊನೆಗೊಂದು ಪರೀಕ್ಷೆ, ಸರ್ಟಿಫಿಕೇಟು. 2024ರ ಮಾರ್ಚಿಗೆ ಯೋಜನೆ ಮುಗಿಯಿತು. ಗುರಿಗಿಂತ ಹೆಚ್ಚು ಜನಕ್ಕೆ ತರಬೇತಿ ಸಿಕ್ಕಿದೆ, ಒಪ್ಪಿದೆ, ಆದರೆ ಸರ್ಟಿಫಿಕೇಟ್ ಸಿಕ್ಕವರು ಗುರಿಗಿಂತ ಕಡಿಮೆ. ಆದರೆ ಮನೆಗೆ ಒಬ್ಬರು ಅಂದರೆ ಏನಾಯ್ತು? ಆ ಒಬ್ಬರು ದುಡಿಯಲು ಪುಣೆಗೆ ಬಂದರೆ ಊರಿನ ಮನೆಯಲ್ಲಿ ಕಲಿತವರು ಯಾರೂ ಉಳಿಯಲಿಲ್ಲ. ಮತ್ತೆ ಆ 20 ಗಂಟೆ ಮುಗಿದ ಮೇಲೆ ಹೊಸ ಆ್ಯಪ್ ಬಂದಾಗ, ಫೋನ್ ಬದಲಾದಾಗ, ಪಿನ್ ಮರೆತಾಗ ಯಾರನ್ನ ಕೇಳಬೇಕು?

"ಈಗ ಎಲ್ಲರ ಕೈಯಲ್ಲೂ ಮೊಬೈಲ್ ಐತಿ, ನಮ್ಮಜ್ಜಿನೂ ರೀಲ್ಸ್ ನೋಡ್ತಾಳ, ತಾವೇ ಕಲೀತಾರ ಬಿಡೋ" ಅಂತ ಇಲ್ಲಿನ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ನಮ್ಮವರೇ ಹೇಳ್ತಾರೆ. ಬೆರಳಿನಿಂದ ಸರಿಸೋದು ಬಂದರೆ ತನ್ನ ಖಾತೆ ತಾನೇ ನಡೆಸೋದು ಬಂದಂತಲ್ಲ. ರೀಲ್ಸ್ ತಪ್ಪಾಗಿ ಒತ್ತಿದರೆ ಇನ್ನೊಂದು ವಿಡಿಯೊ ಬರುತ್ತದೆ, ಅಷ್ಟೇ. ಇ-ಕೆವೈಸಿಯಲ್ಲಿ ತಪ್ಪು ಒತ್ತಿದರೆ ತಿಂಗಳ ಹಣ ನಿಲ್ಲುತ್ತದೆ. ಆ ಭಯಕ್ಕೇ ಆಕೆ ಫೋನನ್ನು ಬೇರೆಯವರ ಕೈಗೆ ಕೊಡೋದು. ಮೊಬೈಲ್ ಎಲ್ಲರ ಕೈಯಲ್ಲಿದೆ ಅನ್ನೋದೂ ಪೂರ್ತಿ ನಿಜವಲ್ಲ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದೇವೆ ಅಂದ ಹಳ್ಳಿ ಹೆಣ್ಣುಮಕ್ಕಳು ನೂರಕ್ಕೆ 25ರಷ್ಟು, ಗಂಡಸರು 49ರಷ್ಟು. ಅಲ್ಲಿಂದೀಚೆಗೆ ಹೆಚ್ಚಾಗಿರಬಹುದು, ಆದರೂ ಈ ಅಂತರ ತಾನಾಗಿಯೇ ಮುಚ್ಚಲ್ಲ.

ಜತ್ತ, ಅಕ್ಕಲಕೋಟದ ನಮ್ಮವರಿಗೆ ಇದರ ಮೇಲೆ ಇನ್ನೊಂದು ತೊಡಕು. ಮನೆಯಲ್ಲಿ ಕನ್ನಡ, ಎಷ್ಟೋ ಊರಲ್ಲಿ ಶಾಲೆಯೂ ಕನ್ನಡ, ಸರ್ಕಾರಿ ಕೆಲಸವೆಲ್ಲ ಮರಾಠಿ. 2021ರಿಂದ ಮಹಾರಾಷ್ಟ್ರದ ರೈತ ಹೊಲದಲ್ಲಿ ನಿಂತು ಬೆಳೆಯ ಫೋಟೊ ತೆಗೆದು ಇ-ಪೀಕ್ ಪಾಹಣಿ ಆ್ಯಪಿಗೆ ಹಾಕಬೇಕು, ಸಾತ್‌ಬಾರಾದಲ್ಲಿ, ಅಂದರೆ ನಮ್ಮ ಹೊಲದ ಉತಾರದಲ್ಲಿ, ಬೆಳೆ ಏರೋದು ಅದರಿಂದ. ಬೆಳೆ ಹಾಳಾದಾಗ ಪರಿಹಾರಕ್ಕೂ ಅದೇ ದಾಖಲೆ ಬೇಕು. ನಮ್ಮ ಕಾಕಾ ದಾಳಿಂಬೆ ಗಿಡದ ರೋಗವನ್ನು ಎಲೆ ನೋಡಿ ಹೇಳ್ತಾರೆ. ಅವರು ಆ ಫೋಟೊ ಹಾಕಲು ಪಕ್ಕದ ಮನೆ ಹುಡುಗನ ಮುಂದೆ ಕೈಕಟ್ಟಿ ನಿಲ್ಲೋದು ನೋಡಿ ನನಗೆ ಅಳು ಬಂದಿದೆ. ಕಾಕಾ ದಡ್ಡರಲ್ಲ. ಅವರ ಪಕ್ಕ ಕೂತು, ಅವರ ಭಾಷೆಯಲ್ಲಿ, ಬೇಸರ ಮಾಡಿಕೊಳ್ಳದೆ ತೋರಿಸೋರು ಇಲ್ಲ, ಅಷ್ಟೇ.

ಇದು ಆಗದ ಕೆಲಸವೂ ಅಲ್ಲ. ಕೇರಳದ ತಿರುವನಂತಪುರ ಜಿಲ್ಲೆಯ ಪುಲ್ಲಂಪಾರ ಪಂಚಾಯ್ತಿಯಲ್ಲಿ ಮಾಡಿ ತೋರಿಸಿದ್ದಾರೆ. ಕಾಲೇಜು ಹುಡುಗರು, ಕುಟುಂಬಶ್ರೀ ಅನ್ನೋ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಮನೆಮನೆಗೆ ಹೋದರು, ಉದ್ಯೋಗ ಖಾತ್ರಿ ಕೆಲಸ ನಡೆಯೋ ಜಾಗಕ್ಕೇ ಹೋಗಿ ಕಲಿಸಿದರು. ಜನರನ್ನು ತರಗತಿಗೆ ಕರೆಯಲಿಲ್ಲ, ತಾವೇ ಜನರ ಹತ್ತಿರ ಹೋದರು. 2022ರಲ್ಲಿ ಅದು ದೇಶದ ಮೊದಲ ಸಂಪೂರ್ಣ ಡಿಜಿಟಲ್ ಸಾಕ್ಷರ ಪಂಚಾಯ್ತಿ ಅಂತ ಘೋಷಣೆಯಾಯ್ತು. ಆಮೇಲೆ ಇಡೀ ರಾಜ್ಯ ಅದೇ ದಾರಿ ಹಿಡಿಯಿತು.

ನನ್ನ ಬೇಡಿಕೆ ಒಂದೇ. ಫೈಬರ್ ಪೆಟ್ಟಿಗೆ ಕೂರಿಸಿದ ಪ್ರತಿ ಪಂಚಾಯ್ತಿಯಲ್ಲೂ ಸಂಬಳ ಕೊಟ್ಟು ಒಬ್ಬ ಕಲಿಸೋರನ್ನು ಇಡಿ. ಅದೇ ಊರಿನ ಹೆಣ್ಣುಮಗಳಾದರೆ ಇನ್ನೂ ಒಳ್ಳೇದು. ಪಿನ್ ಯಾರಿಗೂ ಕೊಡಬಾರದು ಅಂತ ಹೇಳಿ ಸುಮ್ಮನಾಗಬಾರದು, ಪಿನ್ ಬದಲಾಯಿಸೋದು ಹೇಗೆ ಅಂತ ಆಕೆಯ ಕೈಯಲ್ಲೇ ಮಾಡಿಸಬೇಕು. ಸೈಬರ್ ಮೋಸವಾದರೆ 1930ಕ್ಕೆ ಫೋನ್ ಮಾಡೋದನ್ನೂ ಹೇಳಿಕೊಡಬೇಕು.

ಸರ್ಕಾರ ಮಾಡೋ ತನಕ ಕಾಯೋದು ನನ್ನಿಂದ ಆಗಲ್ಲ. ವಾರ್ಜೆ, ಕೋಥ್ರೂಡ್, ಹಿಂಜವಡಿ ಸುತ್ತಮುತ್ತ ಕೆಲಸಗಾರರ ಶೆಡ್ಡುಗಳಲ್ಲಿ ವಿಜಯಪುರ, ಕಲಬುರಗಿ, ಜತ್ತ ಕಡೆಯ ನಮ್ಮ ಜನ ಎಷ್ಟಿದ್ದಾರೆ ಅಂತ ನಿಮಗೂ ಗೊತ್ತು. ಭಾನುವಾರ ಬೆಳಿಗ್ಗೆ ಅಲ್ಲಿ ಹೋಗಿ ಕೂರೋಣ ಅಂತಿದ್ದೇನೆ. ಕನ್ನಡ, ಮರಾಠಿ ಎರಡೂ ಬರೋರು, ಮುಖ್ಯವಾಗಿ ಹೆಣ್ಣುಮಕ್ಕಳು, ಯಾರು ಬರ್ತೀರಿ ಹೇಳಿ. ಲ್ಯಾಪ್‌ಟಾಪ್ ಬೇಡ. ಅವರ ಫೋನಿನಲ್ಲೇ ಕಲಿಸಬೇಕು.